ಬೇನಾಮಿ ಚಿತ್ರಗಳು

2007ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿನ ವಿಮಾನ ನಿಲ್ದಾಣಕ್ಕೆ ಒಂದು ಚಿತ್ರ ಬಂದಿಳಿಯಿತು. ಜೊತೆಗಿದ್ದ ಬಿಲ್ಲಿನಲ್ಲಿ ಚಿತ್ರದ ಹೆಸರಿರಲಿಲ್ಲ, ಬರೆದವನ ಹೆಸರೂ ಇರಲಿಲ್ಲ. ಬೆಲೆ ಮಾತ್ರ ಇತ್ತು, 100 ಡಾಲರ್. ಇನ್ನೂರು ಡಾಲರಿಗಿಂತ ಅಗ್ಗದ ಸರಕಾದರೆ ಅಲ್ಲಿನ ಸುಂಕದವರಿಗೆ ಘೋಷಣಾಪತ್ರ ಕೊಡಬೇಕಾಗಿರಲಿಲ್ಲ. ಆ ಚಿತ್ರ ಜೀನ್ ಮಿಷೆಲ್ ಬಾಸ್ಕಿಯಾ 1982ರಲ್ಲಿ ರಚಿಸಿದ ‘ಹ್ಯಾನಿಬಲ್’. ಅಮೆರಿಕದ ಅಧಿಕಾರಿಗಳು ಆಮೇಲೆ ಹೇಳಿದ ಅಂದಾಜು 80 ಲಕ್ಷ ಡಾಲರ್.

‘ಬೇನಾಮಿ’ ಎಂಬ ಮಾತನ್ನು ನಾವು ಜಮೀನಿಗೆ, ಸೈಟಿಗೆ ಬಳಸಿ ಬಳಸಿ ಸವೆಸಿದ್ದೇವೆ. ಫಾರ್ಸಿಯಿಂದ ಉರ್ದುವಿಗೂ ನಮ್ಮ ಕಂದಾಯದ ಕಡತಗಳಿಗೂ ಬಂದ ಆ ಪದಕ್ಕೆ ಹೆಸರಿಲ್ಲದ್ದು ಎಂದಷ್ಟೇ ಅರ್ಥ. ಇಲ್ಲಿ ಬೇನಾಮಿಯಾದವನು ಕಲಾವಿದನೇ. ಹೈಟಿಯಿಂದ ವಲಸೆ ಬಂದವನ ಮಗ, ನ್ಯೂಯಾರ್ಕಿನ ಗೋಡೆಗಳ ಮೇಲೆ ಗೀಚಿ ಗೀಚಿ ಹೆಸರು ಮಾಡಿ, 27ನೇ ವಯಸ್ಸಿಗೇ ತೀರಿಕೊಂಡ ಬಾಸ್ಕಿಯಾ ತನ್ನ ಚಿತ್ರಗಳಲ್ಲಿ ಪದಗಳನ್ನು ಬರೆದು ಹೊಡೆದುಹಾಕುತ್ತಿದ್ದ. ಹೊಡೆದುಹಾಕಿದ್ದನ್ನೇ ಜನ ಕಣ್ಣಿಟ್ಟು ಓದುತ್ತಾರೆಂದು ಅವನ ನಂಬಿಕೆ. ಬಿಲ್ಲು ಬರೆದವರು ಮಾತ್ರ ಅವನ ಹೆಸರನ್ನು ಯಾರೂ ಓದದಂತೆ ಅಳಿಸಿದರು.

ಚಿತ್ರ ಇದ್ದದ್ದು ಬ್ರೆಜಿಲಿನ ಬ್ಯಾಂಕೋ ಸಾಂಟೋಸ್ ಸ್ಥಾಪಕ ಎಡೆಮಾರ್ ಸಿಡ್ ಫೆರೇರಾ ಅವರ ಸಂಗ್ರಹದಲ್ಲಿ. ಅವರು ಸಾವೋ ಪಾಲೋದ ಹೆಸರಾಂತ ಕಲಾ ಬಿಯೆನಾಲೆಯ ಅಧ್ಯಕ್ಷರಾಗಿದ್ದವರು, ಎಂದರೆ ಊರೇ ಮೆಚ್ಚಿದ ಕಲಾಪೋಷಕರು. ಬ್ಯಾಂಕು ಮುಳುಗಿತು. 2006ರಲ್ಲಿ ಸಾವೋ ಪಾಲೋದ ನ್ಯಾಯಾಲಯ ಹಣಕಾಸು ಅಪರಾಧ ಮತ್ತು ಅಕ್ರಮ ಹಣ ವರ್ಗಾವಣೆಗಾಗಿ ಅವರಿಗೆ 21 ವರ್ಷಗಳ ಶಿಕ್ಷೆ ವಿಧಿಸಿ, ಸಂಗ್ರಹವನ್ನು ಮುಟ್ಟುಗೋಲು ಹಾಕಲು ಆದೇಶಿಸಿತು. ಅಷ್ಟರಲ್ಲಿ ಕೆಲವು ಚಿತ್ರಗಳು ಗಡಿ ದಾಟಿದ್ದವು. ಆದೇಶ ಕೊಟ್ಟ ನ್ಯಾಯಾಧೀಶ ಫಾಸ್ಟೋ ಡಿ ಸ್ಯಾಂಕ್ಟಿಸ್ ಮುಂದೆ ಇದೇ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಕಪ್ಪುಹಣಕ್ಕೆ ಚಿತ್ರವೇ ಏಕೆ ಬೇಕು? ಚಿನ್ನಕ್ಕೆ ತೂಕವಿದೆ, ಸೈಟಿಗೆ ಅಳತೆಯಿದೆ. ಚಿತ್ರದ ಕಿಮ್ಮತ್ತಿಗೆ ಇಬ್ಬರು ಒಪ್ಪಿದರೆ ಸಾಕು. ಆ ಇಬ್ಬರೂ ಒಬ್ಬನೇ ಆಗಿದ್ದರೆ? ಕಳ್ಳಹಣದಿಂದ ತನ್ನದೇ ಚಿತ್ರವನ್ನು ಬೇರೆ ಹೆಸರಲ್ಲಿ ಕೊಂಡರೆ ಆ ಹಣ ‘ಮಾರಾಟದಿಂದ ಬಂದದ್ದು’ ಎಂಬ ರಸೀದಿಯೊಂದಿಗೆ ಮನೆಗೆ ಮರಳುತ್ತದೆ.

ಎನ್‌ಎಫ್‌ಟಿ ಎಂಬ ಡಿಜಿಟಲ್ ಚಿತ್ರಗಳಲ್ಲಿ ಸಾಗಿಸುವ ಕಷ್ಟವೂ ಇಲ್ಲ. ಕೊಳ್ಳುವವನ ಹೆಸರಿನ ಜಾಗದಲ್ಲಿ ಉದ್ದನೆಯ ಅಂಕಿ-ಅಕ್ಷರಗಳ ಸಾಲು. ಒಬ್ಬನೇ ಎಷ್ಟು ಖಾತೆಗಳನ್ನಾದರೂ ತೆರೆಯಬಹುದು. 2021ರ ಅಕ್ಟೋಬರ್‌ನಲ್ಲಿ ‘ಕ್ರಿಪ್ಟೋಪಂಕ್ 9998’ ಎಂಬ ಚಿತ್ರ ಸುಮಾರು 53 ಕೋಟಿ ಡಾಲರಿಗೆ ‘ಮಾರಾಟ’ವಾಯಿತು. ಅಡ್ಡ 24, ಉದ್ದ 24 ಚುಕ್ಕಿಗಳ ಒಂದು ಮುಖ ಅದು. ಸಾಲ ತಂದು ಕೊಂಡು, ಅದೇ ಕ್ಷಣದಲ್ಲಿ ಸಾಲ ತೀರಿಸಿ, ಚಿತ್ರ ಮೊದಲಿನ ಒಡೆಯನ ಕೈಗೇ ಮರಳಿತ್ತು. ಅಲ್ಲಿ ಕಳ್ಳಹಣವಿತ್ತೆಂದು ಯಾರೂ ಹೇಳಿಲ್ಲ, ಅದೊಂದು ಚಮತ್ಕಾರ. ಬೆಲೆಯನ್ನು ಬರಿಗೈಯಲ್ಲೇ ಬರೆದುಕೊಳ್ಳಬಹುದು ಎಂಬುದನ್ನಂತೂ ಅದು ತೋರಿಸಿಕೊಟ್ಟಿತು.

ಕಾನೂನು ನಿಧಾನವಾಗಿ ಹಿಂದೆ ಬರುತ್ತಿದೆ. 10,000 ಯೂರೋ ಮೇಲ್ಪಟ್ಟ ಕಲಾವ್ಯವಹಾರದಲ್ಲಿ ಗಿರಾಕಿಯ ಗುರುತು ಕೇಳಬೇಕೆಂಬ ನಿಯಮ ಯುರೋಪಿನಲ್ಲಿ 2020ರಿಂದ ಇದೆ. ಭಾರತ 2023ರಲ್ಲಿ ವರ್ಚುವಲ್ ಡಿಜಿಟಲ್ ಆಸ್ತಿಗಳ ವ್ಯವಹಾರ ನಡೆಸುವವರನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ತಂದಿತು.

ನನ್ನ ತಕರಾರು ಕಾನೂನಿನವರ ಜೊತೆಗಲ್ಲ, ವಿಮರ್ಶಕರ ಜೊತೆಗೆ. ಹರಾಜಿನ ಮೊತ್ತವನ್ನೇ ತೀರ್ಪೆಂಬಂತೆ ಅಚ್ಚು ಹಾಕುವ ಕಲಾಪುಟಗಳು, ಕೊಂಡವರು ಯಾರು, ಮಾರಿದವರು ಯಾರು ಎಂದು ಕೇಳುವುದನ್ನು ಅಸಭ್ಯತೆ ಎಂದುಕೊಂಡಂತಿವೆ. ಬಾಡಿಗೆ ಕಟ್ಟಲಾಗದ ಚಿತ್ರಕಾರ ತನ್ನ ಕೆಲಸಕ್ಕೆ ಹತ್ತು ಸಾವಿರ ಕೇಳಿದರೆ ಮಾತ್ರ ‘ಇಷ್ಟೊಂದಾ?’ ಎನ್ನುತ್ತೇವೆ.

‘ಹ್ಯಾನಿಬಲ್’ 2015ರಲ್ಲಿ ಬ್ರೆಜಿಲಿಗೆ ಮರಳಿತು. ಮರುವರ್ಷ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಒಂದು ಕೋಟಿ ಪೌಂಡಿಗೂ ಮೇಲ್ಪಟ್ಟು ಮಾರಾಟವಾಯಿತು. ಈ ಬಾರಿ ಕಾಗದದ ಮೇಲೆ ಬಾಸ್ಕಿಯಾನ ಹೆಸರಿತ್ತು.