ಮುಟ್ಟದೆ ಅಳೆಯುವ ಬೆಳಕು

ಹರಿಯುವ ನೀರಿನ ವೇಗವನ್ನು ಅರಿಯಬೇಕೆಂದು ಅದರೊಳಗೆ ನಳಿಗೆಯನ್ನೋ ಚಕ್ರವನ್ನೋ ಇಳಿಬಿಟ್ಟೊಡನೆ, ಯಾವ ಪ್ರವಾಹವನ್ನು ಅಳೆಯಹೊರಟೆವೋ ಆ ಪ್ರವಾಹವೇ ಕದಡಿ ಬೇರೊಂದಾಗಿಬಿಡುವುದೆಂಬ ತೊಡಕು ವಿಜ್ಞಾನಿಗಳನ್ನು ಬಹುಕಾಲ ಕಾಡಿತ್ತು. 1964ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಯೇ ಮತ್ತು ಕಮಿನ್ಸ್ ಎಂಬವರು, ಸೂಕ್ಷ್ಮವಾದ ಪಾಲಿಸ್ಟೈರೀನ್ ಕಣಗಳನ್ನು ಬೆರೆಸಿದ ನೀರಿನಲ್ಲಿ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಕಿರಣವನ್ನು ಹಾಯಿಸಿ, ಚದುರಿದ ಬೆಳಕಿನ ಆವರ್ತನದಲ್ಲಿ ಉಂಟಾದ ಅತ್ಯಲ್ಪ ವ್ಯತ್ಯಾಸದಿಂದಲೇ, ಚಲನೆಯಿಂದ ತರಂಗದ ಆವರ್ತನ ಬದಲಾಗುವುದೆಂದು ಡಾಪ್ಲರನು 1842ರಲ್ಲಿ ಸಾರಿದ ತತ್ತ್ವವನ್ನನುಸರಿಸಿ, ನೀರಿನ ವೇಗವನ್ನು ನಿರ್ಣಯಿಸಿದರು.

ಅನಂತರ ರೂಢಿಗೆ ಬಂದ ವಿಧಾನವು ಇನ್ನೂ ಮನೋಹರವಾದುದು. ಒಂದೇ ಲೇಸರಿನಿಂದ ಕವಲೊಡೆದ ಎರಡು ಕಿರಣಗಳು ಪ್ರವಾಹದ ನಡುವೆ ಸಂಧಿಸುವಲ್ಲಿ, ಜಮಖಾನದ ಗೆರೆಗಳಂತೆ, ಬೆಳಕು ಕತ್ತಲೆಗಳ ಸಮಾನಾಂತರ ಪಟ್ಟೆಗಳು ಮೂಡುತ್ತವೆ. ಅವನ್ನು ದಾಟುವ ಕಣವು ಒಂದೊಂದು ಬೆಳಕಿನ ಪಟ್ಟೆಯಲ್ಲಿಯೂ ಒಮ್ಮೆ ಮಿನುಗುತ್ತದೆ. ಪಟ್ಟೆಗಳ ಅಂತರ 5 ಮೈಕ್ರೋಮೀಟರ್ ಇದ್ದು, ಕಣವು ಸೆಕೆಂಡಿಗೆ 1 ಮೀಟರಿನಂತೆ ಅವನ್ನು ಅಡ್ಡಹಾಯ್ದರೆ, ಮಿನುಗಿನ ಗತಿ ಸೆಕೆಂಡಿಗೆ 2,00,000; ಅಂತರವನ್ನು ಈ ಸಂಖ್ಯೆಯಿಂದ ಗುಣಿಸಿದರೆ ವೇಗ ಸಿದ್ಧ. ಆ ಅಂತರವಾದರೋ ಬೆಳಕಿನ ತರಂಗದೂರ, ಕಿರಣಗಳ ನಡುವಣ ಕೋನ ಇವೆರಡರಿಂದಲೇ ನಿಶ್ಚಿತವಾಗುವುದರಿಂದ, ಬೇರೊಂದು ವೇಗಮಾಪಕದೊಡನೆ ತಾಳೆ ನೋಡುವ ಗೊಡವೆಯೂ ಇಲ್ಲ.

ಕಣವು ಮುಂದಕ್ಕೆ ಸಾಗುತ್ತಿದೆಯೋ ಹಿಂದಕ್ಕೋ ಎಂಬ ಸಂದೇಹವನ್ನು ನೀಗಲು ಒಂದು ಕಿರಣದ ಆವರ್ತನವನ್ನು ತುಸು ಬದಲಿಸಿ, ಪಟ್ಟೆಗಳೇ ಸರಿಯುವಂತೆ ಮಾಡಿದ ಉಪಾಯವಂತೂ, ನನ್ನ ಎಣಿಕೆಯಲ್ಲಿ, ಈ ಯಂತ್ರದ ಅತ್ಯುತ್ತಮ ಭಾಗ. ಕಣಗಳೇ ಇಲ್ಲದ ಪರಿಶುದ್ಧ ದ್ರವದ ಮುಂದೆ ಮಾತ್ರ ಇದು ನಿರುಪಯೋಗಿ.