ಕೆಮ್ಮುವ ನಾಯಿಗೆ ಜಂತಿನ ಗುಳಿಗೆ

ನಾಯಿ ಕೆಮ್ಮತೊಡಗಿದರೆ ಒಂದು ಜಂತಿನ ಗುಳಿಗೆ, ಒಂದು ಬಾಟಲಿ ಕೆಮ್ಮಿನ ಔಷಧಿ. ನಾಡಿನ ಹಲವು ಊರುಗಳಂತೆ ಬೀದರ್, ಭಾಲ್ಕಿ, ಔರಾದ್ ಕಡೆಯೂ ರೂಢಿಯಲ್ಲಿರುವ ಉಪಚಾರ ಇದು. ಕರುಳಿನ ಹುಳುಗಳಿಗೆ ಗುಳಿಗೆ ಒಳ್ಳೆಯ ಮದ್ದು. ಶ್ವಾಸಕೋಶದ ಹುಳುವಿಗೆ ಅದು ಬಹಳ ಸಲ ತಾಗುವುದೇ ಇಲ್ಲ.

ಕಾರಣ ಹುಳುವಿನ ನೆಲೆಯಲ್ಲಿದೆ. ಯುರೋಪಿನಲ್ಲಿ ಹೆಚ್ಚು ಅಧ್ಯಯನವಾಗಿರುವ ಆಂಜಿಯೋಸ್ಟ್ರಾಂಜಿಲಸ್ ವ್ಯಾಸೋರಮ್ ಎಂಬ ಶ್ವಾಸಕೋಶದ ಹುಳು ನಾಯಿಯ ಬಲಹೃದಯದಲ್ಲೂ ಶ್ವಾಸಕೋಶದ ರಕ್ತನಾಳಗಳಲ್ಲೂ ಬದುಕುತ್ತದೆ. ಬಸವನಹುಳುವನ್ನೋ ಚಿಪ್ಪಿಲ್ಲದ ಸಿಂಬಳದ ಹುಳುವನ್ನೋ ತಿಂದ ನಾಯಿಗೆ ಸೋಂಕು ತಗಲುತ್ತದೆ. ಮರಿಹುಳುಗಳು ಶ್ವಾಸಕೋಶವನ್ನು ತೂರಿ, ಕೆಮ್ಮಿನೊಡನೆ ಗಂಟಲಿಗೆ ಬಂದು, ಮತ್ತೆ ಹೊಟ್ಟೆ ಸೇರಿ ಮಲದಲ್ಲಿ ಹೊರಬೀಳುತ್ತವೆ. ಕೆಲವು ನಾಯಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದುತ್ತದೆ. ಸಾಮಾನ್ಯ ಗುಳಿಗೆಯಲ್ಲಿರುವ ಪೈರಾಂಟೆಲ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿನ ಮದ್ದು. ಇಲ್ಲಿ ಬೇಕಾದದ್ದು ವೈದ್ಯರು ತೂಕ ನೋಡಿ ಕೊಡಿಸುವ ಮಾಕ್ಸಿಡೆಕ್ಟಿನ್ ಅಥವಾ ಹಲವು ದಿನದ ಫೆನ್‌ಬೆಂಡಜೋಲ್. ಕುರಿಗೆಂದು ತಂದ ಐವರ್‌ಮೆಕ್ಟಿನ್ ಸೂಜಿಯನ್ನು ನಾಯಿಗೂ ಚುಚ್ಚುವುದಂತೂ ಜೀವಕ್ಕೇ ಕುತ್ತು ತರಬಹುದು.

ರೂಢಿಯ ದೊಡ್ಡ ಕೊರತೆ ಔಷಧಿಯದಲ್ಲ, ಪರೀಕ್ಷೆಯದು. ಗಾಢ ಉಪ್ಪುನೀರಿನಲ್ಲಿ ಮಲ ಕಲಕಿ ಮೊಟ್ಟೆ ತೇಲಿಸುವ ಸಾಮಾನ್ಯ ವಿಧಾನದಲ್ಲಿ ಈ ಮರಿಹುಳುಗಳು ಮುದುಡಿ ಗುರುತು ಸಿಗದಂತಾಗುತ್ತವೆ. 1917ರಲ್ಲಿ ಬೇರ್ಮನ್ ಎಂಬ ವೈದ್ಯ ಬಳಕೆಗೆ ತಂದ ವಿಧಾನ ಇದಕ್ಕೆ ಸರಿಯಾದದ್ದು, ಅಗ್ಗವೂ ಹೌದು. ಲಾಳಿಕೆಯ ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ನೀರು ತುಂಬಿ, ತೆಳುಬಟ್ಟೆಯಲ್ಲಿ ಕಟ್ಟಿದ ಮಲವನ್ನು ಅದರಲ್ಲಿ ಮುಳುಗಿಸಬೇಕು. ಜೀವಂತ ಮರಿಹುಳುಗಳು ಬಟ್ಟೆಯಿಂದ ಹೊರಬರುತ್ತವೆ. ಮೇಲಕ್ಕೆ ಈಜಲಾರದೆ ರಾತ್ರಿ ಕಳೆಯುವುದರೊಳಗೆ ತಳಕ್ಕಿಳಿಯುತ್ತವೆ. ಕೆಳಗಿನ ಕೆಲವು ಹನಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಬಾಗಿದ ಬಾಲದ ಹುಳುಗಳು ಅಲುಗಾಡುವುದು ಕಾಣುತ್ತದೆ. ಮಲ ನೆಲಕ್ಕೆ ಬಿದ್ದ ಕೂಡಲೇ ಎತ್ತಬೇಕು; ತಡವಾದರೆ ಮಣ್ಣಿನ ಹುಳುಗಳು ಸೇರಿ ದಾರಿ ತಪ್ಪಿಸುತ್ತವೆ. ಮರಿಹುಳುಗಳು ದಿನವೂ ಹೊರಬೀಳದ ಕಾರಣ ಮೂರು ದಿನದ ಮಾದರಿ ಬೇಕು.

ಹಾಗೆಂದು ಪ್ರತಿ ಕೆಮ್ಮನ್ನೂ ಈ ಹುಳುವಿಗೆ ಕಟ್ಟುವುದು ಇನ್ನೊಂದು ತಪ್ಪು. ಡಿಸ್ಟೆಂಪರ್, ಹೃದ್ರೋಗ, ನಾಯಿಮರಿಗಳ ಶ್ವಾಸಕೋಶ ಹಾದುಹೋಗುವ ಟಾಕ್ಸೋಕಾರಾ ಹುಳು, ಇವೆಲ್ಲ ಕೆಮ್ಮು ತರುತ್ತವೆ. ಉಣ್ಣೆಯಿಂದ ಹರಡುವ ಎರ್ಲಿಕಿಯಾ ಜ್ವರದಲ್ಲೂ ಕೊಕ್ಕೆಹುಳುವಿನ ಬಾಧೆಯಲ್ಲೂ ರಕ್ತ ಕುಂದಿ ಏದುಸಿರು ಹತ್ತುತ್ತದೆ. ಮಲಗಿ ನಿದ್ರಿಸುತ್ತಿರುವ ನಾಯಿಯ ಉಸಿರು ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ, ವಸಡು ಬಿಳಿಚಿದ್ದರೆ ಅಥವಾ ನೀಲಿಗಟ್ಟಿದ್ದರೆ ಗುಳಿಗೆ ಹುಡುಕುತ್ತ ಕೂರುವ ಹೊತ್ತಲ್ಲ ಅದು.

ವೈದ್ಯರ ನೆರವು ಬೀದರ್ ಕಡೆಯವರಿಗೆ ದೂರವೇನಲ್ಲ. 2004ರ ಕಾಯ್ದೆಯಡಿ ಸ್ಥಾಪನೆಯಾದ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರಿನ ನಂದಿನಗರದಲ್ಲೇ. ಭಾಲ್ಕಿ, ಔರಾದ್‌ಗಳಿಂದ ಅಲ್ಲಿಗೆ ಸುಮಾರು 40 ಕಿ.ಮೀ. ಕೆಮ್ಮುವ ನಾಯಿಯನ್ನು ವೈದ್ಯರ ಬಳಿ ಕರೆದೊಯ್ಯುವವರು ಮೂರು ದಿನದ ಮಲವನ್ನೂ ಮುಚ್ಚಳದ ಡಬ್ಬಿಯಲ್ಲಿ ತಂಪಾಗಿಟ್ಟು ಒಯ್ಯಲಿ, ಬೇರ್ಮನ್ ಪರೀಕ್ಷೆ ಮಾಡಿಸಿ ಎಂದು ಕೇಳಲಿ.