ಪಾಪರ್, ನೆರವು, ಸೇವೆ: ಒಂದು ಕಾಯಿದೆಯ ಭಾಷೆಯ ವಿಮರ್ಶೆ

ನ್ಯಾಯಸ್ಥಾನದ ಮಾತು ಊರ ಮಾತಿಗೆ ಇಳಿದು ಬರುವಾಗ ಅದರ ಅರ್ಥವು ಹೇಗೆ ಮಾರ್ಪಡುವುದೆಂಬುದಕ್ಕೆ ‘ಪಾಪರ್’ ಎಂಬ ಶಬ್ದವು ಒಳ್ಳೆಯ ನಿದರ್ಶನ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೩೩ನೆಯ ಆದೇಶವು, ಕೋರ್ಟು ಶುಲ್ಕವನ್ನು ತೆರಲಾರದವನಿಗೂ ದಾವೆ ಹೂಡುವ ಅವಕಾಶವನ್ನು ಕೊಟ್ಟಿತು. ಅದೇ ಪಾಪರ್ ದಾವೆ. ಅಲ್ಲಿ ಅದು ವಾದಿಗೆ ಸಲ್ಲುವ ಒಂದು ಸೌಲಭ್ಯದ ಹೆಸರು. ನಮ್ಮ ಜನರ ಬಾಯಲ್ಲಿಯಾದರೋ ‘ಪಾಪರ್ ಆದ’, ‘ಪಾಪರ್ ಚೀಟಿ ತೆಗೆದುಕೊಂಡ’ ಎಂದರೆ ಮನೆತನವೇ ಮುಳುಗಿತೆಂದು ಅರ್ಥ. ೧೯೭೬ರ ತಿದ್ದುಪಡಿಯು ಆ ಶಬ್ದವನ್ನು ಸಂಹಿತೆಯಿಂದ ತೆಗೆದು, ‘ನಿರ್ಗತಿಕ ವ್ಯಕ್ತಿ’ ಎಂಬರ್ಥದ ಮಾತನ್ನು ಇರಿಸಿತು. ಶಬ್ದವೇನೋ ಹೋಯಿತು, ಅದಕ್ಕೆ ಅಂಟಿದ ನಾಚಿಕೆಯೂ ಹೋಯಿತೆ ಎಂಬುದು ಪ್ರಕೃತ ಲೇಖನದ ವಿಚಾರ.

ಅದೇ ೧೯೭೬ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ೩೯ಎ ಅನುಚ್ಛೇದವು ಸೇರಿತು. ಆರ್ಥಿಕ ಕಾರಣದಿಂದಾಗಲಿ ಇತರ ಅಸಮರ್ಥತೆಯಿಂದಾಗಲಿ ಯಾವ ಪ್ರಜೆಗೂ ನ್ಯಾಯವು ದೊರೆಯದೆ ಹೋಗಬಾರದೆಂಬುದು ಅದರ ತಾತ್ಪರ್ಯ. ‘ಇತರ’ ಎಂಬ ಈ ಒಂದು ಪದದಲ್ಲಿಯೇ ಬಡತನಕ್ಕಿಂತ ವಿಶಾಲವಾದ ಕಲ್ಪನೆಯೊಂದು ಅಡಗಿದೆ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂದಾಗ, ಅದರ ೧೨ನೆಯ ಪ್ರಕರಣವು ಈ ಕಲ್ಪನೆಯನ್ನು ಬಿಡಿಸಿ ಹೇಳಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಸ್ತ್ರೀಯರು, ಮಕ್ಕಳು, ಅಂಗವಿಕಲರು, ಕೈಗಾರಿಕೆಯ ಕಾರ್ಮಿಕರು, ಬಂಧನದಲ್ಲಿರುವವರು ಮೊದಲಾದವರಿಗೆ ವರಮಾನದ ಪ್ರಶ್ನೆಯೇ ಇಲ್ಲ. ವರಮಾನದ ಮಿತಿಯು ಆ ಪಟ್ಟಿಯ ಕೊನೆಯ ಬಾಬು ಮಾತ್ರ. ಅಲ್ಲಿಯೂ ಅರ್ಜಿದಾರನ ಪ್ರಮಾಣಪತ್ರವನ್ನು ನಂಬದಿರಲು ಕಾರಣವಿಲ್ಲದಿದ್ದರೆ ಅದೇ ಸಾಕೆಂದು ೧೩ನೆಯ ಪ್ರಕರಣವು ಹೇಳುತ್ತದೆ. ಹೀಗಿರುವಲ್ಲಿ, ಈ ವ್ಯವಸ್ಥೆಯನ್ನು ‘ಬಡವರಿಗೆ ಉಚಿತ ನೆರವು’ ಎಂದು ಸಂಗ್ರಹಿಸಿ ಹೇಳುವುದು ಕಾಯಿದೆಯನ್ನು ಕುಗ್ಗಿಸಿದಂತೆ.

ಈ ಕುಗ್ಗುವಿಕೆಯಿಂದ ಯಾರಿಗೆ ನಷ್ಟವೆಂಬುದನ್ನು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡಬಹುದು. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಯ, ವಿರಿಜಾ, ಬಂಗಾರದೊಡ್ಡಿ ನಾಲೆಗಳ ಗದ್ದೆಗಳುಂಟು. ಪಾಂಡವಪುರದಲ್ಲಿ ಕಬ್ಬಿನ ಬಯಲುಂಟು. ಕೃಷ್ಣರಾಜಪೇಟೆಗೆ ಹೇಮಾವತಿಯ ನೀರುಂಟು. ನಾಗಮಂಗಲದ ಬಹುಭಾಗ ಮಳೆಯನ್ನೇ ನಂಬಿದ ಹೊಲ. ನೀರಾವರಿಯಿದ್ದಲ್ಲಿ ಭೂಮಿಗೆ ಬೆಲೆ, ಬೆಲೆಯಿದ್ದಲ್ಲಿ ಪಾಲಿನ ವ್ಯಾಜ್ಯ. ಗದ್ದೆಯುಳ್ಳ ಮನೆಯ ಮಗಳು ಊರ ಲೆಕ್ಕದಲ್ಲಿ ಬಡವಳಲ್ಲ. ಆದರೆ ಪಹಣಿಯಲ್ಲಿ ಅವಳ ಹೆಸರಿಲ್ಲ, ಕೈಯಲ್ಲಿ ವಕೀಲರಿಗೆ ಕೊಡುವ ಹಣವಿಲ್ಲ. ‘ಬಡವರಿಗೆ’ ಎಂಬ ಫಲಕವನ್ನು ನೋಡಿ ಅವಳು ಹಿಂದಿರುಗಿದರೆ, ಕಾಯಿದೆಯು ಅವಳಿಗಾಗಿಯೇ ತೆರೆದ ಬಾಗಿಲನ್ನು ಒಂದು ಶಬ್ದವು ಮುಚ್ಚಿದಂತಾಯಿತು.

ಅವಳ ಹಕ್ಕು ಚಿಕ್ಕದಲ್ಲ, ನಿನ್ನೆಯದೂ ಅಲ್ಲ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ವಿಭಾಗದ ಕಾಲದಲ್ಲಿ ವಿಧವೆಗೂ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲನ್ನು ವಿಧಿಸಿತ್ತು. ೧೯೯೪ರಲ್ಲಿ ಕರ್ನಾಟಕದ ತಿದ್ದುಪಡಿಯು ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಮಾನ ಹಕ್ಕುದಾರರನ್ನಾಗಿ ಮಾಡಿತು. ೨೦೦೫ರ ಕೇಂದ್ರದ ತಿದ್ದುಪಡಿಯು ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನು ತೆಗೆಯಿತು. ಆ ದಿನ ತಂದೆಯು ಬದುಕಿರಬೇಕಾದುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಹಕ್ಕು ಬೆಳೆಯುತ್ತ ಬಂದಂತೆ, ಅದನ್ನು ಬಿಟ್ಟುಕೊಡಿಸುವ ಹಕ್ಕು ಖುಲಾಸೆ ಪತ್ರದ ಮಹತ್ತ್ವವೂ ಬೆಳೆಯಿತೆಂಬುದನ್ನು ಮರೆಯಲಾಗದು. ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹಣಕ್ಕೆ ಪಾಲು ಹೋಗುವುದು ಇಂತಹ ಪತ್ರದಿಂದಲೇ.

ಇನ್ನು ಲೋಕ ಅದಾಲತ್ತಿನ ವಿಚಾರ. ಅಲ್ಲಿಯ ಅವಾರ್ಡು ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಕೋರ್ಟು ಶುಲ್ಕವು ಹಿಂದಿರುಗುತ್ತದೆ. ವರ್ಷಗಟ್ಟಲೆ ಅಲೆದವರಿಗೆ ಇದು ದೊಡ್ಡ ಉಪಕಾರವೆಂಬುದನ್ನು ಒಪ್ಪಬೇಕು. ಆದರೆ ಲೋಕ ಅದಾಲತ್ತಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ರಾಜಿಯನ್ನು ದಾಖಲು ಮಾಡುವುದಷ್ಟೇ ಅದರ ಕೆಲಸವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಜಲೌರ್ ಸಿಂಗ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಎಂದಮೇಲೆ ಎಲ್ಲವೂ ‘ರಾಜಿ’ ಎಂಬ ಶಬ್ದದ ಮೇಲೆ ನಿಂತಿತು. ನಮ್ಮ ಭಾಷೆಯಲ್ಲಿ ರಾಜಿಯಾಗುವುದೆಂದರೆ ಮನಸಾರೆ ಒಪ್ಪುವುದೂ ಹೌದು, ವಿಧಿಯಿಲ್ಲದೆ ಸುಮ್ಮನಾಗುವುದೂ ಹೌದು. ತವರಿನ ಬಾಗಿಲು ಮುಚ್ಚೀತೆಂದು ಅಂಜಿದ ತಂಗಿಯು ಆಡುವ ‘ಒಪ್ಪಿದೆ’ ಎಂಬ ಮಾತು ಎರಡನೆಯ ಬಗೆಯದಾದರೆ, ಅಪೀಲಿಲ್ಲದಿರುವುದು ಅವಳಿಗೆ ಉಪಕಾರವಾಗದು.

ದೋಷವು ಕಾಯಿದೆಯ ಮೂಲಭಾವದಲ್ಲಿಲ್ಲ. ನಾವು ಅದನ್ನು ಕನ್ನಡದಲ್ಲಿ ಆಡುವ ರೀತಿಯಲ್ಲಿದೆ. ತಾಲ್ಲೂಕು ಸಮಿತಿಗೆ ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರಾಗಿರುವಂತೆ ಶಾಸನವು ಏರ್ಪಡಿಸಿದೆ. ಬೇರೆ ಅಧಿಕಾರವನ್ನು ಹುಡುಕಬೇಕಾಗಿಲ್ಲ. ಅರ್ಜಿಯ ಮೊದಲ ಪ್ರಶ್ನೆಯು ‘ನಿಮ್ಮ ವರಮಾನವೆಷ್ಟು’ ಎಂದಿರದೆ ‘ನೀವು ೧೨ನೆಯ ಪ್ರಕರಣದ ಯಾವ ವರ್ಗಕ್ಕೆ ಸೇರಿದವರು’ ಎಂದಿರಲಿ. ಪಾಲಿನ ವ್ಯಾಜ್ಯದಲ್ಲಿ ರಾಜಿಯ ಕಾಗದಕ್ಕೆ ರುಜು ಹಾಕುವ ಮೊದಲು, ಸ್ತ್ರೀಗೆ ಅವಳದೇ ವಕೀಲರು ಅವಳ ಪಾಲು ಎಷ್ಟೆಂಬುದನ್ನು ತಿಳಿಯುವ ಕನ್ನಡದಲ್ಲಿ ಹೇಳಲಿ. ‘ಅರಿವು ಮತ್ತು ನೆರವು’ ಎಂಬ ಜೋಡುನುಡಿಯಲ್ಲಿ ಅರಿವು ಮೊದಲು ನಿಂತಿರುವುದು ಸರಿಯೇ. ಆದರೆ ಸಭೆಯಲ್ಲಿ ಕೊಟ್ಟ ಅರಿವು ರುಜು ಹಾಕುವ ಗಳಿಗೆಯಲ್ಲಿ ಪಕ್ಕದಲ್ಲಿ ನಿಲ್ಲದಿದ್ದರೆ ಅದು ನೆರವಾಗುವುದಿಲ್ಲ. ‘ಪಾಪರ್’ ಎಂಬ ಶಬ್ದವನ್ನು ಸಂಹಿತೆಯಿಂದ ತೆಗೆಯಲು ಅರವತ್ತೆಂಟು ವರ್ಷ ಹಿಡಿಯಿತು. ಅದರ ನೆರಳನ್ನು ಕಚೇರಿಯ ಮೆಟ್ಟಿಲಿನಿಂದ ತೆಗೆಯುವ ಕಾರ್ಯವು ಉಳಿದಿದೆ.